ತೊಯ್ಯದ ಅರಿವೆಗಳು

ಪುಣೆಯ ಪೇಟೆಯೊಳಗಿನ ಹಳೆಯ ವಾಡೆಯೊಂದರಲ್ಲಿ ನಮಗೆ ಎರಡು ಖೋಲಿಗಳಿದ್ದವು. ಒಳಗಿನದು ಅವ್ವನ ರಾಜ್ಯ. ದೇವರು, ಒಲೆ, ಕುಡಿಯುವ ನೀರಿನ ಹಂಡೆ, ತೊಟ್ಟಿಲು ಎಲ್ಲ ಅಲ್ಲಿ. ಹೊರಗಿನ ಖೋಲಿಯಲ್ಲಿ ನನ್ನ ಚಾಪೆ, ನನ್ನ ತಂಬಿಗೆ, ತಮ್ಮನ ಸೈಕಲ್ಲು. ಎರಡು ಖೋಲಿಗಳ ನಡುವೆ ಒಂದು ಹೊಸ್ತಿಲು. ನಾನು ಅದನ್ನು ದಾಟುವಂತಿರಲಿಲ್ಲ.

ಕಾರಣ ಸರಳ. ನಾನು ದವಾಖಾನೆಯ ನರ್ಸು. ಹೆಣ ಮುಟ್ಟುವವಳು, ಹತ್ತು ಜಾತಿಯ ಮಕ್ಕಳ ಹೊಲಸು ಬಳಿಯುವವಳು, ಸಾಲದ್ದಕ್ಕೆ ವಿಧವೆ. ಎಷ್ಟು ಸಲ ತಲೆಯ ಮೇಲೆ ನೀರು ಸುರಿದುಕೊಂಡರೂ ಆ ಮೈಲಿಗೆ ತೊಳೆದು ಹೋಗುವಂಥದ್ದಲ್ಲ ಎಂದು ಅವ್ವನ ನಂಬಿಕೆ. ಅವ್ವನೂ ವಿಧವೆಯೇ. ಆದರೆ ಕೆಂಪು ಸೀರೆ ಉಟ್ಟು, ಬೋಳುತಲೆಯ ಮೇಲೆ ಸೆರಗು ಹೊದ್ದು, ದೇವರ ಮುಂದೆ ಕೂತ ವಿಧವೆ. ಆಕೆ ಬೇರೆ, ನಾನು ಬೇರೆ.

ಧಾರವಾಡದ ಕಡೆಯಿಂದ ತಮ್ಮನ ನೌಕರಿಯ ಹಿಂದೆ ನಾವು ಪುಣೆಗೆ ಬಂದವರು. ಮೈ ನೆರೆಯುವ ಮೊದಲೇ ನನ್ನ ಗಂಡ ತೀರಿಕೊಂಡಿದ್ದ. ಅವನ ಮುಖ ನೆನಪಿಲ್ಲ, ಅವನಿಗಾಗಿ ಅತ್ತ ನೆನಪೂ ಇಲ್ಲ. ತಮ್ಮ ಹಠ ಹಿಡಿದು ನನ್ನನ್ನು ನರ್ಸಿಂಗ್ ಕಲಿಯಲು ಹಾಕಿದಾಗ ಅವ್ವ ಒಪ್ಪಿದ್ದು ಈ ಹೊಸ್ತಿಲಿನ ಕರಾರಿನ ಮೇಲೆ. ನಾನು ಕುಣಿದುಕೊಂಡು ಒಪ್ಪಿದೆ. ಬೆಳಗಾದರೆ ಮನೆ ಬಿಟ್ಟು ಹೋಗಲು ಸಿಕ್ಕರೆ ಸಾಕು, ಅಂಗಳದಲ್ಲಿ ಮಲಗು ಅಂದಿದ್ದರೂ ಮಲಗುತ್ತಿದ್ದೆ. ಊಟದ ಎಲೆಯನ್ನು ಅವ್ವ ಹೊಸ್ತಿಲಿನಾಚೆಯಿಂದ ನೂಕುತ್ತಿದ್ದಳು, ನಾನು ಈಚೆಯಿಂದ ಎಳೆದುಕೊಳ್ಳುತ್ತಿದ್ದೆ. ಕೆಲಸದ ದಣಿವಿನಲ್ಲಿ ಅದು ನನಗೆ ಅವಮಾನ ಅನ್ನಿಸುತ್ತಲೂ ಇರಲಿಲ್ಲ. ಬಿಸಿ ಅನ್ನ ಎಲ್ಲಿಂದ ಬಂದರೇನು?

ನನ್ನನ್ನು ಹಾಕಿದ್ದು ಮಕ್ಕಳ ವಾರ್ಡಿಗೆ. ಆಷಾಢದಲ್ಲಿ ಯಾತ್ರೆ ಹೊರಟ ವಾರಕರಿಗಳ ಪಾಲಖಿ ಊರಿಗೆ ಬಂದು ಹೋಗುವ ಹೊತ್ತಿಗೆ ಮೊದಲ ಮಳೆ ಬಿದ್ದು, ಗಟಾರ ತುಂಬಿ, ನೊಣ ಎದ್ದು, ನಮ್ಮ ವಾರ್ಡಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಎಲ್ಲ ವಾಂತಿ ಭೇದಿಯ ಕೂಸುಗಳು. ನಮಗೆ ಕಲಿಸಿದ ಡಾಕ್ಟರಬಾಯಿ ಮರಾಠಿಯಲ್ಲಿ ಒಂದೇ ಮಾತನ್ನು ಹೇಳಿ ಹೇಳಿ ನಮ್ಮ ತಲೆಗೆ ತುಂಬಿದ್ದರು: ‘ಆಧೀ ಬಘಾ, ಮಗ ಹಾತ ಲಾವಾ.’ ಮೊದಲು ನೋಡಿ, ಆಮೇಲೆ ಮುಟ್ಟಿ. ಕಣ್ಣು ಗುಳಿ ಬಿದ್ದಿದೆಯೇ, ಅಳುವಾಗ ನೀರು ಬರುತ್ತದೆಯೇ, ನೀರಿನ ಬಟ್ಟಲು ಕಂಡರೆ ಮೈಮೇಲೆ ಬೀಳುತ್ತದೆಯೋ ಅಥವಾ ಮುಖ ತಿರುಗಿಸಿ ಮಲಗುತ್ತದೆಯೋ. ಬಟ್ಟಲಿಗಾಗಿ ಕೈಚಾಚಿ ರಂಪ ಮಾಡುವ ಕೂಸಿಗೆ ಹೆದರಬೇಡಿ, ಸುಮ್ಮನಿರುವ ಕೂಸಿಗೆ ಹೆದರಿ ಅನ್ನುತ್ತಿದ್ದರು. ಅದಾದ ಮೇಲೆ ಬಾಯೊಳಗೆ ಬೆರಳಿಟ್ಟು ನೋಡುವುದು, ನೆತ್ತಿ ತಡವುವುದು, ಅಂಗಾಲು ತಣ್ಣಗಿದೆಯೇ ಎಂದು ಹಿಡಿಯುವುದು. ಕೊನೆಗೆ ಹೊಟ್ಟೆಯ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ ಬಿಡುವುದು. ಗಟ್ಟಿ ಕೂಸಾದರೆ ಚರ್ಮ ಬಿಟ್ಟ ಕೂಡಲೇ ತನ್ನ ಜಾಗಕ್ಕೆ ಹೋಗುತ್ತದೆ. ಮೈಯ ನೀರೆಲ್ಲ ಹೋದ ಕೂಸಾದರೆ ನಾದಿದ ಕಣಕದ ಹಾಗೆ ಎತ್ತಿದಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ಕಲಿತು ಏನು ಸಾಧಿಸಿದೆವು ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಉತ್ತರ ನನಗೆ ಗೊತ್ತು. ತೊಡೆಯ ಚರ್ಮದ ಕೆಳಗೆ ದಪ್ಪ ಸೂಜಿ ಚುಚ್ಚಿ ಉಪ್ಪುನೀರು ಇಳಿಸುತ್ತಿದ್ದೆವು. ತೊಡೆ ಉಬ್ಬಿ ಕುಂಬಳಕಾಯಿ ಆಗುತ್ತಿತ್ತು. ಸ್ವಲ್ಪ ಜೀವ ಉಳಿದ ಕೂಸು ಆ ನೀರನ್ನು ಹೀರಿಕೊಳ್ಳುತ್ತಿತ್ತು. ಪೂರ್ತಿ ಬಾಡಿ ಬಂದದ್ದರ ತೊಡೆ ಉಬ್ಬಿದ್ದು ಉಬ್ಬಿದ ಹಾಗೇ ಇದ್ದು, ಸಂಜೆಗೆ ನಾವು ಬಿಳಿ ಅರಿವೆ ಹುಡುಕಬೇಕಾಗುತ್ತಿತ್ತು. ಎಲ್ಲರೂ ಕೂಸನ್ನು ತರುತ್ತಿದ್ದುದು ಪೂರ್ತಿ ಬಾಡಿದ ಮೇಲೆಯೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜನ. ನಮಗೆ ನೋಡುವುದು ಬರುತ್ತಿತ್ತು, ಉಳಿಸುವುದು ಬರುತ್ತಿರಲಿಲ್ಲ.

ಈಗ ನಮ್ಮ ಮನೆಯ ಕೂಸಿನ ಮಾತು.

ತಮ್ಮನಿಗೆ ಮದುವೆಯಾಗಿ ಬಹಳ ದಿನ ಮಕ್ಕಳಾಗಿರಲಿಲ್ಲ. ಅವ್ವ ಬೇಡದ ದೇವರಿಲ್ಲ, ಹೊರದ ಹರಕೆಯಿಲ್ಲ. ಕೊನೆಗೆ ಒಂದು ಗಂಡು ಹುಟ್ಟಿತು. ಉಂಡೆ ಉಂಡೆ ಕೂಸು, ಅಜ್ಜನ ಮೂಗು. ಅಂಬೆಗಾಲಿಡಲು ಕಲಿತ ಮೇಲೆ ಅದಕ್ಕೆ ಒಂದೇ ಕೆಲಸ: ನಾನು ಮನೆಗೆ ಬಂದ ಸಪ್ಪಳ ಕೇಳಿದರೆ ಸಾಕು, ಹೊಸ್ತಿಲಿನವರೆಗೆ ತೆವಳಿಕೊಂಡು ಬರುವುದು. ನಾನು ಈಚೆ ಕೂತು ಚಪ್ಪಾಳೆ ತಟ್ಟುತ್ತಿದ್ದೆ, ಅದು ಆಚೆ ಕೂತು ತಟ್ಟುತ್ತಿತ್ತು. ಹೊಸ್ತಿಲಿನ ಮೇಲೆ ಕೈಯಿಟ್ಟಿತೋ ಇಲ್ಲವೋ, ಅದರ ತಾಯಿ ಬಂದು ಕಾಲು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. ಆಕೆಗೂ ನಗು, ನನಗೂ ನಗು. ಊರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವಳು ನಾನು, ಇವನನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ನನ್ನನ್ನು ನಾನೇ ಚೇಷ್ಟೆ ಮಾಡಿಕೊಳ್ಳುತ್ತಿದ್ದೆ. ಅವ್ವನಿಗೆ ಆ ಚೇಷ್ಟೆ ಸೇರುತ್ತಿರಲಿಲ್ಲ.

ಆ ವರ್ಷ ಪಾಲಖಿ ಹೋದ ಮೇಲೆ ವಾರ್ಡು ಎಂದಿಗಿಂತ ಹೆಚ್ಚು ತುಂಬಿತು. ಮನೆಗೆ ಹೋಗಲು ಬಿಡುವು ಸಿಗದೆ ಕೆಲವು ದಿನ ನಾನು ದವಾಖಾನೆಯಲ್ಲೇ ಉಳಿದೆ. ಒಂದು ಮುಂಜಾನೆ ಬಟ್ಟೆ ಬದಲಿಸಿ ಬರೋಣವೆಂದು ಮನೆಗೆ ಬಂದರೆ ಹೊಸ್ತಿಲಿನ ಹತ್ತಿರ ಯಾರೂ ತೆವಳಿ ಬರಲಿಲ್ಲ. ಕೂಸಿಗೆ ಹಲ್ಲಿನ ಭೇದಿ ಹತ್ತಿತ್ತೆಂದೂ ಈಗ ನಿಂತಿದೆಯೆಂದೂ ಒಲೆಯ ಮುಂದಿನಿಂದಲೇ ಅವ್ವ ಹೇಳಿದಳು. ಹಲ್ಲು ಬರುವಾಗ ಹೊಟ್ಟೆ ಹರಿಯುವುದನ್ನು ನಮ್ಮ ಕಡೆ ಯಾರೂ ರೋಗವೆಂದು ಎಣಿಸುವುದಿಲ್ಲ. ಲಂಘನ ಹಾಕಿದ್ದರು, ಅಂದರೆ ಹಾಲು ಇಲ್ಲ, ನೀರು ಇಲ್ಲ. ಸಾಣೆಕಲ್ಲಿನ ಮೇಲೆ ಜಾಯಿಕಾಯಿ, ಬಜೆ ತೇಯ್ದು ನಾಲಿಗೆಗೆ ಸವರುವುದಷ್ಟೇ.

ತಮ್ಮನ ಹೆಂಡತಿ ತೊಟ್ಟಿಲಿನ ಪಕ್ಕದಿಂದ ಎದ್ದು ಬಂದಳು. ಹುಡುಗಿಯ ಮುಖ ಅರಳಿತ್ತು. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಕೂಸಿನ ಅರಿವೆಗಳು ಮಡಿಕೆ ಕೂಡ ಮುರಿಯದೆ ತೂಗುತ್ತಿದ್ದವು. ಅದನ್ನೇ ತೋರಿಸಿದಳು.

“ಈಗ ಚಲೋ ಅದರಿ ಅಕ್ಕಾ. ನಿನ್ನಿ ರಾತ್ರಿಂದ ಒಂದ ಅರಿವಿನೂ ತೊಯ್ಸಿಲ್ಲ.”

ಭೇದಿ ಹತ್ತಿದಾಗ ಒಗೆದು ಒಗೆದು ಆಕೆಯ ಕೈ ಸೀಳು ಬಿಟ್ಟಿದ್ದವು. ಒಣ ಅರಿವೆ ಕಂಡು ಸಂತೋಷಪಟ್ಟದ್ದರಲ್ಲಿ ಆಕೆಯ ತಪ್ಪೇನು? ನಾನು ತೊಟ್ಟಿಲಿನ ಕಡೆ ಕತ್ತು ಚಾಚಿದೆ. ಉಚ್ಚೆಯನ್ನಾದರೂ ಹೊಯ್ದನೇ ಎಂದು ಕೇಳಿದೆ. ನಿನ್ನೆ ಮಧ್ಯಾಹ್ನದಿಂದ ಅದೂ ಇಲ್ಲ, ಪೂರಾ ಒಣ ಎಂದು ಅಷ್ಟೇ ಸಂತೋಷದಿಂದ ಹೇಳಿದಳು. ಅಳುತ್ತಾನೆಯೇ ಎಂದೆ. ರಾತ್ರಿಯೆಲ್ಲ ಅತ್ತು ಈಗ ಸಮಾಧಾನವಾಗಿದ್ದಾನೆ, ಕರೆದರೂ ಹೊರಳುವುದಿಲ್ಲ, ಅಷ್ಟು ಛಂದ ನಿದ್ದೆ ಎಂದಳು.

ಕೂಸನ್ನು ಬೆಳಕಿಗೆ ತಾ ಅಂದೆ. ಹೊಸ್ತಿಲಿನ ಆಚೆ ಬದಿಗೆ ತಂದು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. ನಾನು ಈಚೆ ಬದಿಗೆ ಕೂತೆ. ನಡುವೆ ಒಂದು ಕೈ ಅಂತರ. ಕಣ್ಣು ಅರ್ಧ ತೆರೆದಿತ್ತು, ಕಣ್ಣಿನ ಸುತ್ತ ಯಾರೋ ಬೆರಳಿಂದ ಒತ್ತಿ ಗುಳಿ ಮಾಡಿದಂತಿತ್ತು. ತುಟಿಯ ಮೇಲೆ ನೊಣ ಕೂತರೆ ತುಟಿ ಅಲುಗಲಿಲ್ಲ. ಬಾಯೊಳಗೆ ಬೆರಳಿಡು ಅಂದೆ. ಬೆರಳು ಅಂಟುತ್ತದೆ ಅಂದಳು. ತಲೆಯ ಕುಲಾಯಿ ತೆಗೆ ಅಂದೆ. ಅಷ್ಟರಲ್ಲಿ ಅವ್ವ ಎಣ್ಣೆಯ ಬಟ್ಟಲು ಹಿಡಿದು ಬಂದು, ತಾನೇ ಕುಲಾಯಿ ತೆಗೆದು, ಕೂಸಿನ ತಲೆ ಎತ್ತಿ ಹಿಡಿದು ಎಣ್ಣೆ ಹಾಕಿದಳು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೂಸಿನ ನೆತ್ತಿಗೆ ಎಣ್ಣೆ ತುಂಬುವುದು ಆಕೆಯ ಕೆಲಸ, ಅದನ್ನು ಸೊಸೆಗೂ ಬಿಟ್ಟುಕೊಟ್ಟವಳಲ್ಲ.

“ನೆತ್ತಿ ನೋಡು, ಎಷ್ಟ ಛಂದ ಎಣ್ಣಿ ಹಿಡದದ,” ಅಂದಳು ಅವ್ವ. “ಮೊದಲ ಹರದ ಹೋಗತಿತ್ತು. ಇವತ್ತ ಹಾಕಿದ್ದು ಹಾಕಿದಲ್ಲೇ ನಿಂತದ. ಒಳಗಿನ ಉಷ್ಣ ಎಳಕೊಳ್ಳಿಕ್ಕತ್ತದ.”

ಬಗ್ಗಿ ನೋಡಿದೆ. ಕೂಸಿನ ನೆತ್ತಿಯಲ್ಲಿ ಸಣ್ಣ ಬಟ್ಟಲಿನಷ್ಟು ಹಳ್ಳ ಬಿದ್ದಿತ್ತು. ಆ ಹಳ್ಳದಲ್ಲಿ ಎಣ್ಣೆ ತುಂಬಿ ನಿಂತಿತ್ತು. ಬೆಳಕು ಬಿದ್ದು ಮಿಂಚುತ್ತಿತ್ತು. ಎಷ್ಟೋ ಕೂಸುಗಳ ಕುಸಿದ ನೆತ್ತಿಯನ್ನು ತಡವಿ ನೋಡಿದ್ದೆ, ಆದರೆ ಅದು ತುಂಬಿ ತುಳುಕುವುದನ್ನು, ಅದನ್ನು ಕಂಡು ಒಬ್ಬ ಅಜ್ಜಿ ಹಿಗ್ಗುವುದನ್ನು ನೋಡಿರಲಿಲ್ಲ.

ಅದು ಎಣ್ಣೆ ಹಿಡಿದದ್ದಲ್ಲ, ನೆತ್ತಿ ಕುಸಿದದ್ದು ಎಂದೆ. ಅಪಶಕುನ ನುಡಿಯಬೇಡ ಎಂದು ಅವ್ವ ಗದರಿದಳು. ನಾನು ಆಕೆಯ ಜೊತೆ ಜಗಳಕ್ಕೆ ನಿಲ್ಲದೆ ಹುಡುಗಿಗೆ ಹೇಳಿದೆ, ಹೊಟ್ಟೆಯ ಮೇಲಿನ ಚರ್ಮ ಎರಡು ಬೆರಳಲ್ಲಿ ಹಿಡಿದೆತ್ತಿ ಬಿಡು. ಆಕೆ ಹಿಡಿದಳೋ ಸವರಿದಳೋ ತಿಳಿಯದಷ್ಟು ಮೆಲ್ಲಗೆ ಮಾಡಿದಳು. ಇನ್ನೂ ಗಟ್ಟಿಯಾಗಿ ಅಂದೆ. ಕೂಸಿಗೆ ನೋವಾಗುತ್ತದೆ ಅಂದಳು. ನನ್ನ ಬೆರಳು ಆಕೆಯ ಬೆರಳಿನ ಪಕ್ಕದಲ್ಲೇ ಇದ್ದವು, ಒಂದು ಗೇಣು ಮುಂದೆ ಚಾಚಿದ್ದರೆ ಸಾಕಿತ್ತು. ಅವ್ವ ಬಟ್ಟಲು ಹಿಡಿದು ಹೊಸ್ತಿಲಿನ ಆಚೆ ನಿಂತಿದ್ದಳು. ನಾನು ಬಾಯಿ ಜೋರು ಮಾಡಿದೆ. ಹುಡುಗಿ ಹೆದರಿ, ತುಟಿ ಕಚ್ಚಿ, ಚರ್ಮವನ್ನು ಸರಿಯಾಗಿ ಚಿವುಟಿ ಎತ್ತಿ ಬಿಟ್ಟಳು.

ನಾವು ಮೂವರೂ ಆ ಚರ್ಮವನ್ನೇ ನೋಡಿದೆವು.

“ಹಂಗ ನಿಂತ ಬಿಡ್ತಲ್ರಿ,” ಅಂದಳು ಆಕೆ. ನನ್ನ ಮುಖ ನೋಡಿದಳು. ಅದರ ಅರ್ಥ ಏನೆಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ನಾನು ಅವ್ವನಿಗೆ ಏನೇನು ಹೇಳಿದೆನೋ ಎಲ್ಲ ನೆನಪಿಲ್ಲ. ಗಂಜಿಯ ತಿಳಿಗೆ ಉಪ್ಪು ಹಾಕಿ ಹನಿ ಹನಿ ಕುಡಿಸಿರಿ, ಎದೆಗೆ ಹಾಕಿಕೊಳ್ಳಲಿ, ಈಗಲೇ ಟಾಂಗಾ ತರುತ್ತೇನೆ, ಒಯ್ಯೋಣ ಎಂದೆ. ಅವ್ವ ಕೂಗಲಿಲ್ಲ. ಆಕೆ ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ನೀರ ಹಾಕಿದ್ರ ಮತ್ತ ಶುರು ಆಗ್ತದ,” ಅಂದಳು. “ತೂತ ಬಿದ್ದ ಕೊಡಾ ಅದು. ಮೊದಲ ತೂತ ಮುಚ್ಚಬೇಕು.”

“ತೂತ ಮುಚ್ಚೋದ್ರಾಗ ಕೊಡಾ ಖಾಲಿ ಆಗೇದ ಅವ್ವಾ.”

“ನಿನ್ನ ತಮ್ಮನ್ನ ಹಿಂಗ ಲಂಘನಾ ಹಾಕೇ ಉಳಿಸೇನಿ. ನೀರ ಕೊಟ್ಟ ಎರಡೂ ಹೋದ್ವು. ಯಾವ ದವಾಖಾನಿ ಬಂದಿತ್ತು ಆವಾಗ?”

ಅದು ಸುಳ್ಳಲ್ಲ. ನನಗೂ ತಮ್ಮನಿಗೂ ನಡುವೆ ಹುಟ್ಟಿದ ಎರಡು ಕೂಸುಗಳು ಹೀಗೆಯೇ ಹೋಗಿದ್ದವು. ಅಂದು ಹೇಗೋ ಉಳಿದ ಒಂದೇ ಕೂಸಿನಿಂದ ಅವ್ವ ತನ್ನ ಇಡೀ ವೈದ್ಯ ಕಲಿತಿದ್ದಳು. ಮಕ್ಕಳನ್ನು ಮಣ್ಣು ಮಾಡಿ ಕಲಿತ ಪಾಠವನ್ನು ಮಗಳು ಹೇಳಿದಳೆಂದು ಯಾವ ತಾಯಿ ಬಿಟ್ಟಾಳು? ಕೋಣನ ಮುಂದೆ ಕಿನ್ನರಿ ಎಂದು ಅಂದು ನಾನು ಹಲ್ಲು ಕಚ್ಚಿದೆ. ಈಗ ಹಾಗೆ ಅನ್ನಲಾರೆ. ಆದರೆ ಅಂದಿನ ಸಿಟ್ಟು ಇಳಿದಿದೆ ಎಂದರೆ ಅದೂ ಸುಳ್ಳಾದೀತು.

ತಮ್ಮ ಬರಲಿ, ಅವನು ಹೇಳಿದಂತೆ ಆಗಲಿ ಎಂದು ಅವ್ವ ತೀರ್ಮಾನ ಕೊಟ್ಟಳು. ಯೂನಿಫಾರ್ಮಿನಲ್ಲೇ ತಮ್ಮನ ಕಚೇರಿಗೆ ಓಡಿದೆ. ಪೇಟೆಯಿಂದ ಅವನ ಕಚೇರಿಯಿದ್ದ ಲಷ್ಕರದವರೆಗೆ ದಾರಿ ಸಣ್ಣದಲ್ಲ. ಮಳೆ ಹಿಡಿದಿತ್ತು, ಟಾಂಗಾದವರು ಯಾರೂ ನಿಲ್ಲಿಸಲಿಲ್ಲ. ಕಚೇರಿಯ ಬಾಗಿಲಲ್ಲಿ ಒದ್ದೆ ಸೀರೆಯಲ್ಲಿ ನಿಂತ ಅಕ್ಕನನ್ನು ಕಂಡು ಅವನು ಏನೂ ಕೇಳದೆ ಟೊಪ್ಪಿಗೆ ಎತ್ತಿಕೊಂಡ. ಅವನು ಮೆತ್ತನೆಯ ಮನುಷ್ಯ, ಜೀವಮಾನದಲ್ಲಿ ಅವ್ವನಿಗೆ ಎದುರಾಡಿದವನಲ್ಲ. ಆ ದಿನ ಮಾತ್ರ ಖೋಲಿಗೆ ಕಾಲಿಟ್ಟವನೇ ‘ಅವ್ವಾ, ಒಯ್ತೇವಿ’ ಎಂದಷ್ಟೇ ಹೇಳಿದ. ಅವ್ವ ದಾರಿ ಬಿಟ್ಟಳು. ಬಿಡುವ ಮೊದಲು ದೇವರ ಮುಂದಿನ ಅಂಗಾರ ಒಂದು ಬೆರಳು ತೆಗೆದು ಕೂಸಿನ ಹಣೆಗೆ ಹಚ್ಚಿದಳು. ಹುಡುಗಿ ನಾವಿಲ್ಲದ ಹೊತ್ತಿನಲ್ಲಿ ಕದ್ದು ಒಂದು ಒಳಲೆ ನೀರು ಕುಡಿಸಿದ್ದಳಂತೆ. ಅದು ಗಂಟಲಲ್ಲೇ ನಿಂತು ಬಾಯಿಯ ಅಂಚಿನಿಂದ ಹರಿದು ಹೋಯಿತಂತೆ. ಟಾಂಗಾದಲ್ಲಿ ಅದನ್ನು ನನಗೆ ಮಾತ್ರ ಕೇಳುವಂತೆ ಹೇಳಿದಳು.

ದವಾಖಾನೆಯ ಮೆಟ್ಟಿಲಿನ ಮೇಲೆ ಆಕೆ ಕೂಸನ್ನು ನನ್ನ ಕೈಗೆ ಕೊಟ್ಟಳು. ನಾನು ಅವನನ್ನು ಎತ್ತಿಕೊಂಡದ್ದು ಅದೇ ಮೊದಲು. ಇಷ್ಟು ಹಗುರ ಇರುತ್ತಾನೆಂದು ನಾನು ಎಣಿಸಿರಲಿಲ್ಲ. ಅಂಗಾಲು ಮುಟ್ಟಿದರೆ ಮಳೆಯಲ್ಲಿ ಬಿದ್ದ ಕಲ್ಲು ಮುಟ್ಟಿದಂತೆ. ಡಾಕ್ಟರಬಾಯಿ ನೋಡಿದರು, ಮುಟ್ಟಿದರು. ನನ್ನ ಮನೆಯ ಕೂಸೆಂದು ತಿಳಿದು ಎಂದಿನಂತೆ ಪಾಠ ಹೇಳಲಿಲ್ಲ, ಸೂಜಿ ತರಲು ಹೇಳಿದರು. ಅವರ ದನಿಯಿಂದಲೇ ನನಗೆ ತಿಳಿಯಿತು. ಬೇರೆ ತಾಯಂದಿರಿಗೆ ನಾನು ಇಂಥ ಹೊತ್ತಿನಲ್ಲಿ ‘ದೇವರ ಮ್ಯಾಲ ಭಾರ ಹಾಕ್ರಿ’ ಎಂದು ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಆ ಮಾತು ಎಂಥ ಖೊಟ್ಟಿ ಮಾತೆಂದು ಅಂದು ಗೊತ್ತಾಯಿತು.

ಎರಡೂ ತೊಡೆಗೆ ಸೂಜಿ ಹಾಕಿದೆವು. ಮೇಲೆ ತೂಗುಹಾಕಿದ ಗಾಜಿನ ಪಾತ್ರೆಯಿಂದ ಉಪ್ಪುನೀರು ಇಳಿಯತೊಡಗಿತು. ತೊಡೆ ಉಬ್ಬಿದವು. ಕೂಸಿನ ಮುಖ ಮಾತ್ರ ಬಾಡಿದ ಹಾಗೇ ಇತ್ತು, ಕೆಳಗೆ ಕಾಲು ಬೇರೆ ಯಾರದೋ ದಪ್ಪ ಮಗುವಿನದು ಅನ್ನುವಂತೆ ಆದವು. ನಾನು ಆಗಾಗ ಹೊಟ್ಟೆಯ ಚರ್ಮ ಎತ್ತಿ ನೋಡುತ್ತಿದ್ದೆ. ಎತ್ತಿದಲ್ಲೇ ನಿಲ್ಲುತ್ತಿತ್ತು. ನಿಲ್ಲುತ್ತದೆಂದು ಗೊತ್ತಿದ್ದೂ ಎತ್ತುತ್ತಿದ್ದೆ. ತಮ್ಮ ವರಾಂಡದ ಕಂಬಕ್ಕೆ ಆತು ನಿಂತಿದ್ದ, ಒಳಗೆ ಬರಲು ಅವನಿಗೆ ಧೈರ್ಯವಾಗಲಿಲ್ಲ.

ಹುಡುಗಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಬೆಳಿಗ್ಗೆ ಹೊಸ್ತಿಲಿನ ಬಳಿ ನಾನು ಒದರಾಡಿದ್ದೆಲ್ಲ ಆಕೆಗೆ ಅಕ್ಷರ ಅಕ್ಷರ ಮನಸ್ಸಿನಲ್ಲಿ ಉಳಿದಿತ್ತು. ಒಣ ಅರಿವೆ ಕೆಟ್ಟದ್ದು, ಸುಮ್ಮನಿರುವುದು ಕೆಟ್ಟದ್ದು, ಉಚ್ಚೆ ಹೊಯ್ದರೆ ಒಳ್ಳೆಯದು. ಆಕೆಯ ಮೊಲೆಯ ಹಾಲು ಸೋರಿ ಕುಪ್ಪಸ ನೆನೆದಿತ್ತು. ಅದರ ಕಡೆ ಲಕ್ಷ್ಯವಿಲ್ಲದೆ ಕೂಸಿನ ಕೆಳಗೆ ಹಾಸಿದ ಅರಿವೆಯನ್ನು ಮತ್ತೆ ಮತ್ತೆ ಕೈಹಾಕಿ ಮುಟ್ಟಿ ನೋಡುತ್ತಿದ್ದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾನು ಬೇರೆ ಮಂಚದ ಹತ್ತಿರವಿದ್ದಾಗ ನನ್ನ ಸೆರಗು ಹಿಡಿದು ಎಳೆದಳು.

“ಅಕ್ಕಾ, ತೊಯ್ಸ್ಯಾನ್ರಿ. ಬಂದು ನೋಡ್ರಿ, ಅರಿವಿ ಹಸೀ ಆಗೇದ.”

ಹೋಗಿ ನೋಡಿದೆ. ಅರಿವೆ ನಿಜಕ್ಕೂ ಒದ್ದೆಯಾಗಿತ್ತು. ಆದರೆ ಒದ್ದೆ ಇದ್ದದ್ದು ತೊಡೆಯ ಹೊರಬದಿಗೆ. ಮೈ ಹೀರದ ಉಪ್ಪುನೀರು ಸೂಜಿಯ ತೂತಿನ ಪಕ್ಕದಿಂದ ಹಿಂದಕ್ಕೆ ಜಿನುಗಿ, ಚರ್ಮದ ಮೇಲೆ ಇಳಿದು, ಅರಿವೆಯಲ್ಲಿ ಕೂಡಿತ್ತು. ಮೂಸಿ ನೋಡುವ ಅಗತ್ಯವೂ ಇರಲಿಲ್ಲ. ಇಂಥದ್ದನ್ನು ನಾನು ಬಹಳ ಕಂಡಿದ್ದೆ.

ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನ ಬಾಯಿ ಎಂಥದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೆಲ್ಲ ಸವರುವ ಅಭ್ಯಾಸ ನನಗಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಷ್ಟೋ ಮಂದಿಯನ್ನು ಅಳಿಸಿದ್ದೇನೆ. ಹೌದು, ತೊಯ್ಸಿದ್ದಾನೆ ಎಂದೆ. ಆಕೆ ಆ ಒದ್ದೆ ಅರಿವೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು, ವರಾಂಡಕ್ಕೆ ಓಡಿ ಗಂಡನಿಗೆ ತೋರಿಸಿ ಬಂದಳು. ದೀಪ ಹಚ್ಚುವ ಮೊದಲೇ ಕೂಸು ಹೋಯಿತು. ಅದು ಹೋದ ಗಳಿಗೆ ನಮಗೆ ಯಾರಿಗೂ ತಿಳಿಯಲಿಲ್ಲ, ಅಷ್ಟು ಸುಮ್ಮನೆ ಇತ್ತು.

ಸೂತಕದಲ್ಲಿ ಮಡಿ ಇಲ್ಲ. ಮನೆಯೆಲ್ಲ ಮೈಲಿಗೆಯೇ ಆದಾಗ ನನ್ನದೊಂದು ಮೈಲಿಗೆ ಯಾವ ಲೆಕ್ಕ? ಆ ದಿನಗಳಲ್ಲಿ ನಾನು ಒಳಗಿನ ಖೋಲಿಗೆ ಹೋಗಿ ಕೂತೆ, ಅನ್ನಕ್ಕೆ ನೀರಿಟ್ಟೆ, ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸಿನ ಮಾತು ತೆಗೆಯಲಿಲ್ಲ, ನನ್ನನ್ನು ಬೈಯಲಿಲ್ಲ, ತನ್ನನ್ನು ತಾನೂ ಬೈದುಕೊಳ್ಳಲಿಲ್ಲ. ಸೂತಕ ಕಳೆದ ದಿನ ಎದ್ದು, ಮಿಂದು, ನೆಲ ಸಾರಿಸಿದಳು. ನಾನು ಯಾರೂ ಹೇಳದೆ ನನ್ನ ಚಾಪೆಗೆ ಹೋದೆ.

ಆಮೇಲೆ ತಮ್ಮನಿಗೆ ಮಕ್ಕಳಾಗಲಿಲ್ಲ. ಅವ್ವ ಹೋದಳು, ತಮ್ಮನೂ ಹೋದ. ನಾನು ಆ ವಾರ್ಡಿನಲ್ಲೇ ಮುದುಕಿಯಾಗಿ ಹೊರಬಿದ್ದೆ. ಈಗ ವಾಡೆಯ ಅದೇ ಎರಡು ಖೋಲಿಗಳಲ್ಲಿ ತಮ್ಮನ ಹೆಂಡತಿ, ನಾನು, ಇಬ್ಬರೇ. ಅಕ್ಕಪಕ್ಕದವರು ಯಾರಾದರೂ ಮಕ್ಕಳ ಮಾತು ತೆಗೆದರೆ ಆಕೆ ತನ್ನ ಕೂಸಿನ ಕತೆ ಹೇಳುತ್ತಾಳೆ. ಭೇದಿಯ ಕತೆ ಹೇಳುವುದಿಲ್ಲ, ನೆತ್ತಿಯ ಕತೆ ಹೇಳುವುದಿಲ್ಲ. ದವಾಖಾನೆಗೆ ಒಯ್ದ ಮೇಲೆ ಅವನು ಸುಧಾರಿಸಿದ್ದ, ಒಮ್ಮೆ ಉಚ್ಚೆ ಕೂಡ ಹೊಯ್ದಿದ್ದ, ಇನ್ನೊಂದು ದಿನ ದೇವರು ತಡೆದಿದ್ದರೆ ಉಳಿಯುತ್ತಿದ್ದ ಎನ್ನುತ್ತಾಳೆ. ಹೇಳುವಾಗಲೆಲ್ಲ ನನ್ನ ಕಡೆ ತಿರುಗುತ್ತಾಳೆ.

“ಹೌದಲ್ರಿ ಅಕ್ಕಾ?”

ಹೌದು ಅನ್ನುತ್ತೇನೆ.